ಕಾಡಿನೊಳಗಿನ ರಸ್ತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹತ್ತಿರ ಬಂದಂತೆಲ್ಲ ಬೆಳಗಾವಿಯಿಂದ ಗೋವೆಗೆ ಇಳಿಯುವ ಘಾಟ್ ರಸ್ತೆಗಳ ಬಗ್ಗೆ ನಮಗೆ ಬರುವ ಪತ್ರಗಳೂ ಹೆಚ್ಚಾಗುತ್ತವೆ. ಖಾನಾಪುರ ತಾಲ್ಲೂಕಿನ ಮಳೆಕಾಡು, ಅದರ ನಡುವೆ ಹಾದುಹೋಗುವ ರಸ್ತೆಗಳು, ಅಲ್ಲಿನ ಪ್ರಾಣಿಗಳು ಮತ್ತು ಜನರ ಕುರಿತು ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, ಜಾಂಬೋಟಿ, ಕಣಕುಂಬಿ, ಚೋರ್ಲಾ ಮಾರ್ಗವಾಗಿ ಗೋವೆಗೆ ಹೋಗುವ ರಸ್ತೆಯಲ್ಲಿ ಎರಡು ವಾಹನಗಳು ಎದುರಾದರೆ ದಾಟುವಷ್ಟು ಮಾತ್ರ ಜಾಗವಿದೆ. ಎರಡೂ ಬದಿಗೆ ಕಣ್ಣು ಹಾಯುವವರೆಗೂ ಕಾಡು. ಇಷ್ಟು ದೊಡ್ಡ ಕಾಡಿಗೆ ಇಷ್ಟು ಸಣ್ಣ ರಸ್ತೆಯಿಂದ ಏನು ಹಾನಿಯಾದೀತು?
– ನಿವೃತ್ತ ಬ್ಯಾಂಕ್ ನೌಕರರು, ಟಿಳಕವಾಡಿ, ಬೆಳಗಾವಿ

ಉತ್ತರ: ರಸ್ತೆಯ ಅಗಲವನ್ನು ಡಾಂಬರು ಮುಗಿಯುವಲ್ಲಿಗೆ ಅಳೆದರೆ ತಮ್ಮ ಮಾತು ಸರಿಯೆನಿಸುತ್ತದೆ. ಆದರೆ ಕಾಡಿನ ಪಾಲಿಗೆ ರಸ್ತೆ ಅಲ್ಲಿಗೆ ಮುಗಿಯುವುದಿಲ್ಲ. ಬಂಡಿ ದಾರಿಗೆ ಹೊಂದಿಕೊಂಡ ಜೋಳದ ಸಾಲು ಹೊಲದ ನಡುವಿನ ಸಾಲಿನಂತೆ ಬೆಳೆಯುವುದಿಲ್ಲ ಎಂಬುದನ್ನು ನಮ್ಮ ರೈತರೆಲ್ಲ ಬಲ್ಲರು. ಮಳೆಕಾಡಿನ ಅಂಚಿಗೂ ಅದೇ ಪಾಡು. ಮೇಲಿನ ಹಸಿರು ಚಾವಣಿ ಸೀಳಿದೊಡನೆ ನೆಲಕ್ಕೆ ಬಿಸಿಲು ಬೀಳುತ್ತದೆ, ಗಾಳಿ ನುಗ್ಗುತ್ತದೆ, ತೇವ ಆರುತ್ತದೆ. ನೆರಳಿನಲ್ಲಿ, ಒದ್ದೆ ತರಗೆಲೆಯ ಕೆಳಗೆ ಬದುಕುವುದಕ್ಕೆಂದೇ ಹೊಂದಿಕೊಂಡ ಕಪ್ಪೆ, ಹಲ್ಲಿ, ಕೀಟ, ಅಣಬೆಗಳು ಆ ಪಟ್ಟಿಯಿಂದ ಹಿಂದೆ ಸರಿಯುತ್ತವೆ. ಅವು ಬಿಟ್ಟುಕೊಟ್ಟ ಜಾಗದಲ್ಲಿ ಲಂಟಾನ, ಯುಪಟೋರಿಯಂ ಮತ್ತು ನಮ್ಮ ಭಾಗದ ಎಲ್ಲ ಹೊಲಗಳಲ್ಲೂ ಕಾಣುವ ಕಾಂಗ್ರೆಸ್ ಕಸ ತಳವೂರುತ್ತವೆ. ಇವುಗಳ ಬೀಜವನ್ನು ಹೊತ್ತು ತರುವುದೂ ವಾಹನಗಳ ಚಕ್ರಕ್ಕೆ ಅಂಟಿದ ಕೆಸರು ಮತ್ತು ರಸ್ತೆ ಕೆಲಸಕ್ಕೆಂದು ಹೊರಗಿನಿಂದ ತಂದು ಸುರಿದ ಮಣ್ಣು.

ಬ್ರೆಜಿಲ್ ದೇಶದ ಮನೌಸ್ ನಗರದ ಬಳಿ 1979ರಲ್ಲಿ ಆರಂಭವಾದ ದೀರ್ಘಾವಧಿಯ ಅಧ್ಯಯನವೊಂದು ಅಮೆಜಾನ್ ಕಾಡಿನ ತುಂಡುಗಳಲ್ಲಿ ಆಗುವ ಬದಲಾವಣೆಗಳನ್ನು ದಶಕಗಳ ಕಾಲ ದಾಖಲಿಸಿದೆ. ಅಂಚಿನಿಂದ ಸುಮಾರು 100 ಮೀಟರ್ ಒಳಗಿನವರೆಗೆ ಮರಗಳು, ಅದರಲ್ಲೂ ದೊಡ್ಡ ಮರಗಳು, ಒಳಗಾಡಿಗಿಂತ ಬೇಗ ಸಾಯುತ್ತವೆ ಎಂಬುದು ಅಲ್ಲಿ ಕಂಡುಬಂದ ಮುಖ್ಯ ಸಂಗತಿಗಳಲ್ಲಿ ಒಂದು. ಈ ಅಳತೆಯನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರೆ, 10 ಮೀಟರ್ ಅಗಲದ ರಸ್ತೆ ಒಂದು ಕಿಲೋಮೀಟರ್ ಸಾಗುವಲ್ಲಿ ಕಡಿಯುವ ಕಾಡು ಒಂದು ಹೆಕ್ಟೇರ್, ಎರಡೂ ಬದಿಯ ಅಂಚು ಸೇರಿ ಅದರಿಂದ ಕೆಡುವ ಒಟ್ಟು ಕಾಡು 21 ಹೆಕ್ಟೇರ್. ನಮ್ಮ ಘಟ್ಟದ ಮಣ್ಣು, ಮಳೆ, ಮರಗಳು ಅಮೆಜಾನಿನವಲ್ಲ, ಆದ್ದರಿಂದ ಅಂಕಿಯನ್ನು ಹಾಗೆಯೇ ಇಲ್ಲಿಗೆ ತಂದು ಕೂಡಿಸಬಾರದು. ಆದರೆ ಕಾಗದದ ಮೇಲೆ ಕಾಣುವ ರಸ್ತೆಗೂ ಕಾಡು ಅನುಭವಿಸುವ ರಸ್ತೆಗೂ ಇರುವ ಅಂತರ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಇದು ಗಿಡಮರಗಳ ಮಾತಾಯಿತು. ಪ್ರಾಣಿಗಳ ವಿಷಯದಲ್ಲಿ, ವಾಹನಕ್ಕೆ ಸಿಕ್ಕಿ ಸಾಯುವುದು ಕಣ್ಣಿಗೆ ಕಾಣುವ ಹಾನಿ. ಮಳೆಗಾಲದ ರಾತ್ರಿ ಘಟ್ಟದ ರಸ್ತೆಗಳಲ್ಲಿ ಸಾಯುವವುಗಳಲ್ಲಿ ಬಹುಪಾಲು ಕಪ್ಪೆ ಮತ್ತು ಹಾವುಗಳು. ಅವು ದೊಡ್ಡ ಪ್ರಾಣಿಗಳಲ್ಲವಾದ್ದರಿಂದ ಸುದ್ದಿಯಾಗುವುದಿಲ್ಲ, ಬೆಳಗಾಗುವಷ್ಟರಲ್ಲಿ ಕಾಗೆಗಳು ತಿಂದು ಮುಗಿಸಿರುತ್ತವೆ. ಚೋರ್ಲಾ ಸುತ್ತಮುತ್ತ ಸಿಸಿಲಿಯನ್ ಎಂಬ ಕಾಲಿಲ್ಲದ ಉಭಯವಾಸಿಯ ಒಂದು ಪ್ರಭೇದ ದೊರೆತು, 2007ರಲ್ಲಿ ಅದಕ್ಕೆ ಮಹದಾಯಿ ನದಿಯ ಹೆಸರನ್ನೇ ಸೇರಿಸಿ ವಿಜ್ಞಾನಿಗಳು ನಾಮಕರಣ ಮಾಡಿದರು. ನೋಡಲು ದಪ್ಪ ಎರೆಹುಳುವಿನಂತಿರುವ ಈ ಜೀವಿ ಮಣ್ಣಿನೊಳಗೇ ಇರುತ್ತದೆ. ಇಂಥ, ಅತಿ ಸಣ್ಣ ನೆಲೆಯುಳ್ಳ ಜೀವಿಗೆ ರಸ್ತೆ ಅಗಲಿಸುವಾಗ ಗುಡ್ಡ ಕಡಿದರೆ ಹೋಗುವುದಕ್ಕೆ ಬೇರೆ ಊರಿಲ್ಲ.

ಕಣ್ಣಿಗೆ ಕಾಣದ ಹಾನಿ ಇನ್ನೊಂದಿದೆ: ದಾಟದೇ ಉಳಿಯುವುದು. ಮಳೆಕಾಡಿನ ಅನೇಕ ಜೀವಿಗಳು ಬಯಲಿಗೆ ಕಾಲಿಡುವುದಿಲ್ಲ. ಪನಾಮಾದ ಗಾಟೂನ್ ಸರೋವರದಲ್ಲಿ ಸಂಶೋಧಕರು ಕಾಡುಹಕ್ಕಿಗಳನ್ನು ದೋಣಿಯಲ್ಲಿ ಒಯ್ದು ದಡದಿಂದ ಬೇರೆಬೇರೆ ದೂರದಲ್ಲಿ ಬಿಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಕೆಲವು ಪ್ರಭೇದಗಳ ಹಕ್ಕಿಗಳಿಗೆ 100 ಮೀಟರ್ ಬಯಲು ನೀರನ್ನು ದಾಟುವುದೂ ಆಗಲಿಲ್ಲ. ರೆಕ್ಕೆ ಇರುವ ಹಕ್ಕಿಯ ಗತಿಯೇ ಇದಾದರೆ, ಕೊಂಬೆಯಿಂದ ಕೊಂಬೆಗೆ ಹೋಗುವ ಕಾಡುಪಾಪ ಮತ್ತು ಕೆಂಜಳಿಲುಗಳಿಗೆ ಮೇಲೆ ಕೊಂಬೆಗಳು ಕೂಡದಷ್ಟು ಅಗಲವಾದ ರಸ್ತೆ ಗೋಡೆಯೇ ಸರಿ. ಹೀಗಾಗಿ ಎರಡು ವಾಹನಗಳು ದಾಟುವಷ್ಟು ಮಾತ್ರ ಅಗಲವಿರುವ, ಮೇಲೆ ಮರಗಳು ಕೈ ಕೂಡಿಸಿದ ರಸ್ತೆಯನ್ನು ಹಾಗೆಯೇ ಉಳಿಸಿಕೊಳ್ಳುವುದು ಮಳೆಕಾಡಿನ ಮಟ್ಟಿಗೆ ದೊಡ್ಡ ಉಪಕಾರ. ತಾವು ಸಣ್ಣದೆಂದ ಆ ರಸ್ತೆ ಸಣ್ಣದಾಗಿರುವುದರಿಂದಲೇ ಅದರ ಹಾನಿ ಈವರೆಗೆ ಮಿತಿಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಸದ್ದನ್ನೂ ಮರೆಯುವಂತಿಲ್ಲ. ಅಮೆರಿಕದ ಐಡಾಹೊ ರಾಜ್ಯದಲ್ಲಿ ರಸ್ತೆಯೇ ಇಲ್ಲದ ಬೆಟ್ಟದ ಕಾಡಿನಲ್ಲಿ ಧ್ವನಿವರ್ಧಕಗಳನ್ನು ಸಾಲಾಗಿ ನಿಲ್ಲಿಸಿ ವಾಹನಗಳ ಸದ್ದನ್ನು ಮಾತ್ರ ಕೇಳಿಸಿದಾಗ, ಅಲ್ಲಿನ ಹಕ್ಕಿಗಳ ಸಂಖ್ಯೆ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಅದು ಮಳೆಕಾಡಲ್ಲ ನಿಜ, ಆದರೆ ಮರವನ್ನು ಕಡಿಯದೆ, ಯಾವ ಪ್ರಾಣಿಗೂ ಡಿಕ್ಕಿ ಹೊಡೆಯದೆ, ಸದ್ದೊಂದೇ ಏನು ಮಾಡಬಲ್ಲದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳು ಕಡಿಮೆ.

ಪ್ರಶ್ನೆ: ಭೀಮಗಡ ವನ್ಯಜೀವಿಧಾಮವೆಂದು ಘೋಷಣೆಯಾಗಿದೆ. ಕಾನೂನಿನ ರಕ್ಷಣೆ ಇದ್ದ ಮೇಲೆ ಅಲ್ಲಿನ ಜೀವವೈವಿಧ್ಯ ಸುರಕ್ಷಿತವೆಂದು ತಿಳಿಯಬಹುದಲ್ಲವೇ?
– ಪದವಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಖಾನಾಪುರ ತಾಲ್ಲೂಕಿನ ಭೀಮಗಡ ವನ್ಯಜೀವಿಧಾಮ ಘೋಷಣೆಯಾದದ್ದು 2011ರ ಡಿಸೆಂಬರಿನಲ್ಲಿ. ಸುಮಾರು 190 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡು ಒಂದು ಕಡೆ ಗೋವೆಯ ಮಹದಾಯಿ ವನ್ಯಜೀವಿಧಾಮಕ್ಕೆ, ದಕ್ಷಿಣದಲ್ಲಿ ಲೋಂಡಾ ಕಡೆಯ ಕಾಡುಗಳ ಮೂಲಕ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಕೂಡಿಕೊಳ್ಳುತ್ತದೆ. ಇದರೊಳಗಿನ ಬಾರಾಪೆಡೆ ಗುಹೆಗಳಲ್ಲಿರುವ ರಾಟನ್ ಬಾವಲಿಯನ್ನು 1913ರಲ್ಲಿ ಮೊದಲು ವಿವರಿಸಲಾಯಿತು. ಅದಾದ ಮೇಲೆ ಬಹಳ ವರ್ಷಗಳವರೆಗೆ ಜಗತ್ತಿನಲ್ಲಿ ಆ ಬಾವಲಿಯ ನೆಲೆಯೆಂದು ಗೊತ್ತಿದ್ದದ್ದು ಬೆಳಗಾವಿ ಜಿಲ್ಲೆಯ ಆ ಗುಹೆಗಳಷ್ಟೇ. ನಮ್ಮ ಜಿಲ್ಲೆಯವರೇ ಇದನ್ನು ಹೆಚ್ಚಾಗಿ ತಿಳಿದಿಲ್ಲವೆಂಬುದು ನೋವಿನ ಸಂಗತಿ.

ಘೋಷಣೆಯಿಂದ ಗಣಿ, ಕಾರ್ಖಾನೆಗಳಂಥ ದೊಡ್ಡ ಯೋಜನೆಗಳಿಗೆ ತಡೆ ಬೀಳುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ ರಕ್ಷಿತ ಪ್ರದೇಶದ ಗಡಿಕಲ್ಲು ಬೇಟೆಗಾರನನ್ನಾಗಲಿ, ಊರಿನ ನಾಯಿಯನ್ನಾಗಲಿ, ಬೆಂಕಿಯನ್ನಾಗಲಿ ತಾನಾಗಿ ತಡೆಯುವುದಿಲ್ಲ, ಮತ್ತು ಇವುಗಳಿಗೆಲ್ಲ ಒಳದಾರಿಯಾಗುವುದು ರಸ್ತೆಯೇ. ಉಷ್ಣವಲಯದ ಬೇಟೆಯ ಕುರಿತ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ರಸ್ತೆ ಮತ್ತು ಜನವಸತಿಯಂಥ ಬೇಟೆಗಾರರ ಪ್ರವೇಶಸ್ಥಳಗಳಿಂದ ಪಕ್ಷಿಗಳ ಸಂಖ್ಯೆ 7 ಕಿಲೋಮೀಟರ್ ದೂರದವರೆಗೂ, ಸಸ್ತನಿಗಳ ಸಂಖ್ಯೆ 40 ಕಿಲೋಮೀಟರ್ ದೂರದವರೆಗೂ ಕುಗ್ಗಿರುತ್ತದೆ. ಭೀಮಗಡದಂಥ ಸಣ್ಣ ಕಾಡಿನಲ್ಲಿ ಯಾವ ಮೂಲೆಗೆ ಹೋದರೂ ರಸ್ತೆಯಿಂದ 40 ಕಿಲೋಮೀಟರ್ ದೂರವಾಗಲು ಸಾಧ್ಯವೇ ಇಲ್ಲ. ಕಾಂಗೊ ಕಣಿವೆಯಲ್ಲಿ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿದ 28 ಕಾಡಾನೆಗಳಲ್ಲಿ ರಕ್ಷಿತ ಪ್ರದೇಶದ ಹೊರಗಿನ ರಸ್ತೆಯನ್ನು ದಾಟಿದ್ದು ಒಂದೇ ಆನೆ; ಅದೂ ತನ್ನ ಸಾಮಾನ್ಯ ವೇಗದ 14 ಪಟ್ಟು ವೇಗದಲ್ಲಿ. ರಸ್ತೆಯೆಂದರೆ ಬಂದೂಕು ಎಂಬುದನ್ನು ಆ ಆನೆಗಳು ಕಲಿತಿದ್ದವು.

ಪದವಿ ವಿದ್ಯಾರ್ಥಿನಿಯಾದ ತಾವು ಇನ್ನೊಂದು ವಿಷಯವನ್ನು ಗಮನಿಸಬೇಕು. ವೈವಿಧ್ಯವೆಂದರೆ ಪ್ರಭೇದಗಳ ಬರೀ ಎಣಿಕೆಯಲ್ಲ. ರಸ್ತೆ ಬಂದ ಮೇಲೆ ಕ್ಯಾಮೆರಾಗಳಲ್ಲಿ ಸಿಗುವ ಪ್ರಾಣಿಗಳ ಪಟ್ಟಿ ಕೆಲವೊಮ್ಮೆ ಉದ್ದವೂ ಆಗಬಹುದು, ಏಕೆಂದರೆ ನರಿ, ಮೊಲ, ಮುಂಗುಸಿ, ಕಾಡುಹಂದಿ, ಮಂಗಗಳಂಥ ಎಲ್ಲಿಯಾದರೂ ಬದುಕಬಲ್ಲ ಪ್ರಾಣಿಗಳು ಅಂಚಿಗೆ ಬಂದು ಸೇರುತ್ತವೆ. ಅದೇ ಹೊತ್ತಿಗೆ ಬರಿಂಕವೆಂಬ ಪುಟ್ಟ ಜಿಂಕೆಯಂಥ ಪ್ರಾಣಿ, ಒಳಗಾಡಿನ ಹಕ್ಕಿಗಳಂಥ, ಕಾಡು ಬಿಟ್ಟು ಬೇರೆಲ್ಲೂ ಬದುಕಲಾರದವು ಪಟ್ಟಿಯಿಂದ ಒಂದೊಂದಾಗಿ ಕಳಚುತ್ತವೆ. ಒಟ್ಟು ಸಂಖ್ಯೆ ಮಾತ್ರ ನೋಡಿದರೆ ಏನೂ ಆಗಿಲ್ಲವೆನಿಸುತ್ತದೆ. ದೊಡ್ಡ ಹಣ್ಣು ನುಂಗಿ ಬೀಜವನ್ನು ದೂರ ಒಯ್ಯುವ ಮಂಗಟ್ಟೆ ಹಕ್ಕಿ ಕಡಿಮೆಯಾದರೆ ಮರಗಳ ಮುಂದಿನ ಪೀಳಿಗೆಯೂ ಬದಲಾಗುತ್ತದೆ, ಆದರೆ ಅದು ನಮ್ಮ ಕಣ್ಣಿಗೆ ಬೀಳಲು ಒಂದು ತಲೆಮಾರು ಬೇಕು. ಆದ್ದರಿಂದ ಯಾವುದೇ ವರದಿಯಲ್ಲಿ ಎಷ್ಟು ಪ್ರಭೇದಗಳು ಎಂಬುದರ ಜೊತೆಗೆ ಯಾವ ಪ್ರಭೇದಗಳು ಎಂಬುದನ್ನೂ ಓದಿರಿ.

ಪ್ರಶ್ನೆ: ನಮ್ಮ ಊರು ಕಾಡಿನೊಳಗಿದೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ರೋಗಿಗಳನ್ನು, ಬಸುರಿಯರನ್ನು ಹೆಗಲ ಮೇಲೆ ಹೊತ್ತು ತರಬೇಕು. ರಸ್ತೆ ಕೇಳಿದರೆ ವನ್ಯಜೀವಿಗಳಿಗೆ ತೊಂದರೆ ಎನ್ನುತ್ತಾರೆ. ಗೋವೆಗೆ ಮೋಜಿಗೆ ಹೋಗುವವರಿಗೆ ರಸ್ತೆ ಬೇಕು, ನಮಗೆ ಬೇಡವೇ?
– ರೈತರು, ಖಾನಾಪುರ ತಾಲ್ಲೂಕು

ಉತ್ತರ: ತಮ್ಮ ಪ್ರಶ್ನೆಯಲ್ಲಿರುವ ನೋವು ನ್ಯಾಯವಾದದ್ದು, ಮತ್ತು ಕೊನೆಯ ವಾಕ್ಯದಲ್ಲಿ ತಾವು ಹಾಕಿದ ಸವಾಲಿಗೆ ನಗರದಲ್ಲಿ ಕುಳಿತು ಕಾಡಿನ ಬಗ್ಗೆ ಬರೆಯುವ ನಮ್ಮಂಥವರು ತಲೆ ತಗ್ಗಿಸಿ ಉತ್ತರಿಸಬೇಕಾಗುತ್ತದೆ. ಗವಾಳಿ, ತಳೇವಾಡಿ, ಅಮಗಾಂವ, ದೇಗಾಂವದಂಥ ಊರುಗಳ ಜನ ವನ್ಯಜೀವಿಧಾಮ ಘೋಷಣೆಯಾಗುವ ಬಹಳ ಮೊದಲಿನಿಂದ ಅಲ್ಲಿ ನೆಲೆಸಿದವರು.

ವನ್ಯಜೀವಿಗಳ ದೃಷ್ಟಿಯಿಂದಲೇ ನೋಡಿದರೂ, ಒಂದು ಊರಿಗೆ ಹೋಗಿ ಅಲ್ಲೇ ಮುಗಿಯುವ, ದಿನಕ್ಕೆ ಬೆರಳೆಣಿಕೆಯ ವಾಹನಗಳು ನಿಧಾನವಾಗಿ ಓಡುವ ಕಿರಿದಾದ ರಸ್ತೆಯೂ, ಎರಡು ರಾಜ್ಯಗಳನ್ನು ಕೂಡಿಸಿ ಹಗಲಿರುಳು ಲಾರಿಗಳನ್ನು ಹರಿಸುವ ಹೆದ್ದಾರಿಯೂ ಒಂದೇ ತೂಕದವಲ್ಲ. ಎರಡನ್ನೂ ರಸ್ತೆಯೆಂಬ ಒಂದೇ ಮಾತಿನಲ್ಲಿ ಹೇಳಿ, ಬಲಶಾಲಿಗಳ ಹೆದ್ದಾರಿಗೆ ಒಪ್ಪಿಗೆ ಕೊಟ್ಟು ಬಡವರ ಕಿರುದಾರಿಯನ್ನು ತಡೆಯುವುದು ಸಂರಕ್ಷಣೆಯಲ್ಲ, ಅನ್ಯಾಯ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಈ ವ್ಯತ್ಯಾಸವನ್ನು ಗುರುತಿಸಿದೆ. ರಸ್ತೆ, ಶಾಲೆ, ಆಸ್ಪತ್ರೆ, ಕುಡಿಯುವ ನೀರಿನಂಥ ಸೌಲಭ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಸಾಕಾಗುವುದಾದರೆ, ಹೆಕ್ಟೇರಿಗೆ 75 ಮರಗಳಿಗಿಂತ ಹೆಚ್ಚು ಕಡಿಯಬೇಕಿಲ್ಲದಿದ್ದರೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಸರ್ಕಾರ ಭೂಮಿ ಒದಗಿಸಲು ಅದರಲ್ಲಿ ಅವಕಾಶವಿದೆ. ವನ್ಯಜೀವಿಧಾಮದೊಳಗೆ ವನ್ಯಜೀವಿ ಕಾಯ್ದೆಯ ನಿಯಮಗಳನ್ನೂ ನೋಡಬೇಕಾಗುವುದರಿಂದ, ತಮ್ಮ ಗ್ರಾಮಸಭೆಯಲ್ಲಿ ನಿರ್ಣಯವನ್ನು ಲಿಖಿತವಾಗಿ ಅಂಗೀಕರಿಸಿ, ಅದರ ಪ್ರತಿಯನ್ನು ವಲಯ ಅರಣ್ಯಾಧಿಕಾರಿಗಳಿಗೂ ತಹಶೀಲ್ದಾರರಿಗೂ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿರಿ. ಹಳ್ಳಕ್ಕೆ ಕಾಲುಸೇತುವೆ, ಈಗಿರುವ ಕಚ್ಚಾ ದಾರಿಯ ದುರಸ್ತಿ, ಊರಿನ ಸಮೀಪ ಮಳೆಗಾಲದುದ್ದಕ್ಕೂ ನಿಲ್ಲುವ ಆಂಬುಲೆನ್ಸ್ ಮತ್ತು ಒಬ್ಬ ನರ್ಸ್: ಇಷ್ಟಾದರೆ ಹೊಸದಾಗಿ ಕಾಡು ಕಡಿಯದೆಯೂ ಜೀವ ಉಳಿಯುತ್ತದೆ, ಮತ್ತು ಇದನ್ನು ಕೇಳುವುದು ತಮ್ಮ ಹಕ್ಕು.

ಸ್ಥಳಾಂತರದ ಮಾತೂ ತಮ್ಮ ಭಾಗದಲ್ಲಿ ನಡೆಯುತ್ತಿದೆ. ಹೋಗಲು ಮನಸ್ಸಿದ್ದವರಿಗೆ ನ್ಯಾಯವಾದ ಪರಿಹಾರ ಸಿಕ್ಕರೆ ಅದು ಕಾಡಿಗೂ ಒಳ್ಳೆಯದು. ಆದರೆ ಸ್ವಇಚ್ಛೆಯ ಒಪ್ಪಿಗೆ ಇಲ್ಲದೆ ಎಬ್ಬಿಸುವಂತಿಲ್ಲವೆಂದು ಅದೇ ಅರಣ್ಯ ಹಕ್ಕು ಕಾಯ್ದೆ ಹೇಳುತ್ತದೆ. ಮತ್ತು ಸೌಲಭ್ಯ ಕೊಡದೆ ಬೇಸತ್ತು ಹೋಗುವಂತೆ ಮಾಡುವುದನ್ನು ಒಪ್ಪಿಗೆ ಎನ್ನಲಾಗದು.

ಜನರ ವಿಶ್ವಾಸ ಕಳೆದುಕೊಂಡರೆ ಕಾಡಿಗೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಗಡಿಯಾಚೆಗೇ ಇದೆ. 2020ರ ಜನವರಿಯಲ್ಲಿ ಗೋವೆಯ ಸತ್ತರಿ ತಾಲ್ಲೂಕಿನ ಗೋಳಾವಳಿಯ ಬಳಿ, ಮಹದಾಯಿ ವನ್ಯಜೀವಿಧಾಮದಲ್ಲಿ, ದನ ಕಳೆದುಕೊಂಡ ಸಿಟ್ಟಿಗೆ ಇಟ್ಟ ವಿಷಕ್ಕೆ ಒಂದು ತಾಯಿ ಹುಲಿ ಮತ್ತು ಅದರ ಮಕ್ಕಳು ಸೇರಿ ನಾಲ್ಕು ಹುಲಿಗಳು ಸತ್ತವು. ದನಕ್ಕೆ ಪರಿಹಾರ ತಕ್ಷಣ ಕೈಗೆ ಬರುವ ವ್ಯವಸ್ಥೆ, ರಸ್ತೆಯ ಅಗಲದಷ್ಟೇ ಮುಖ್ಯವಾದ ವನ್ಯಜೀವಿ ವಿಷಯವೆಂದು ನಾವು ತಿಳಿಯುತ್ತೇವೆ.

ಪ್ರಶ್ನೆ: ಬಂಡೀಪುರದಲ್ಲಿ ರಾತ್ರಿ ರಸ್ತೆ ಮುಚ್ಚುತ್ತಾರೆ. ಬೇರೆ ಕಡೆ ಪ್ರಾಣಿಗಳಿಗಾಗಿ ಸೇತುವೆ ಕಟ್ಟುತ್ತಾರೆ. ಇವುಗಳಿಂದ ನಿಜವಾಗಿ ಪ್ರಯೋಜನವಿದೆಯೇ? ನಮ್ಮ ಘಾಟ್‌ಗಳಿಗೆ ಯಾವುದು ಸರಿ?
– ಸಿವಿಲ್ ಗುತ್ತಿಗೆದಾರರು, ಬಾಗಲಕೋಟೆ

ಉತ್ತರ: ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಜಾರಿಗೆ ಬಂದದ್ದು 2009ರಲ್ಲಿ, ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು 2010ರಲ್ಲಿ ಎತ್ತಿಹಿಡಿಯಿತು. ಆಂಬುಲೆನ್ಸ್‌ಗಳಿಗೂ ನಿಗದಿತ ಸಂಖ್ಯೆಯ ಸರ್ಕಾರಿ ಬಸ್ಸುಗಳಿಗೂ ವಿನಾಯಿತಿ ಇದೆ, ಉಳಿದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಬದಲಿ ಮಾರ್ಗವಿದೆ. ರಸ್ತೆಯನ್ನು ಕೀಳದೆ, ಒಂದು ಕಲ್ಲನ್ನೂ ಹೊಸದಾಗಿ ಇಡದೆ, ಕಾಡಿಗೆ ರಾತ್ರಿಯನ್ನು ಮರಳಿ ಕೊಡುವ ಈ ಉಪಾಯದಷ್ಟು ಅಗ್ಗದ್ದು ಮತ್ತೊಂದಿಲ್ಲ. ಮಳೆಕಾಡಿನ ಸಸ್ತನಿಗಳಲ್ಲಿ ಬಹಳಷ್ಟು ನಿಶಾಚರಿಗಳಾದ್ದರಿಂದ ಇದರ ಫಲ ಅಲ್ಲಿ ಇನ್ನೂ ಹೆಚ್ಚು.

ಸೇತುವೆಗಳ ವಿಷಯದಲ್ಲಿ, ಪೆಂಚ್ ಹುಲಿ ಸಂರಕ್ಷಿತ ಪ್ರದೇಶವನ್ನು ಹಾಯುವ 44ನೇ ರಾಷ್ಟ್ರೀಯ ಹೆದ್ದಾರಿಯ ಮಹಾರಾಷ್ಟ್ರದ ಭಾಗದಲ್ಲಿ ಪ್ರಾಣಿಗಳು ಕೆಳಗಿನಿಂದ ದಾಟಲೆಂದು 50ರಿಂದ 750 ಮೀಟರ್ ಅಗಲದ ಒಂಬತ್ತು ದಾರಿಗಳನ್ನು ಕಟ್ಟಿದ್ದಾರೆ. ಭಾರತೀಯ ವನ್ಯಜೀವಿ ಸಂಸ್ಥೆ ಅಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ ಹುಲಿ ಸೇರಿದಂತೆ 18 ಪ್ರಭೇದಗಳ ಕಾಡುಪ್ರಾಣಿಗಳು ಅವುಗಳನ್ನು ಬಳಸಿದ್ದು ದಾಖಲಾಯಿತು. ಆದರೆ ಅದು ಸಮತಟ್ಟಾದ ನೆಲದ ಒಣಕಾಡು. ಕಡಿದಾದ ಇಳಿಜಾರಿನ, ವಿಪರೀತ ಮಳೆಯ ನಮ್ಮ ಘಾಟ್‌ಗಳಲ್ಲಿ ಅಂಥ ದೊಡ್ಡ ಕಟ್ಟಡ ಕೆಲಸವೇ ಗುಡ್ಡ ಕುಸಿಯಲು ಕಾರಣವಾದೀತು. ಮೇಲಾಗಿ ಮರದ ಮೇಲೇ ಬದುಕುವ ಪ್ರಾಣಿಗಳಿಗೆ ಕೆಳದಾರಿಯಿಂದ ಏನೂ ಉಪಯೋಗವಿಲ್ಲ. ತಮಿಳುನಾಡಿನ ವಾಲ್ಪಾರೈ ಬಳಿ ಸಿಂಗಳೀಕಗಳಿಗಾಗಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಕಟ್ಟಿದ ತೂಗುಸೇತುವೆಗಳು ಚೆನ್ನಾಗಿ ಕೆಲಸ ಮಾಡಿವೆ. ನಮ್ಮಲ್ಲಿ ಸಿಂಗಳೀಕ ಇಲ್ಲದಿದ್ದರೂ ಕೆಂಜಳಿಲು ಮತ್ತು ಮುಸುವಗಳಿಗೆ ಅಂಥವು ಉಪಯುಕ್ತ.

ತಾವು ಗುತ್ತಿಗೆದಾರರಾದ್ದರಿಂದ ಒಂದು ಮಾತನ್ನು ವಿಶೇಷವಾಗಿ ಹೇಳಬೇಕೆನಿಸುತ್ತದೆ. ಘಾಟ್ ರಸ್ತೆಯ ಬದಿಗೆ ಕಟ್ಟುವ ನೇರ ಗೋಡೆಯ ಸಿಮೆಂಟ್ ಚರಂಡಿಗೆ ಬಿದ್ದ ಕಪ್ಪೆ, ಆಮೆ, ಹಾವುಗಳು ಮೇಲೆ ಹತ್ತಲಾರವು. ಒಂದು ಬದಿಯನ್ನು ಇಳಿಜಾರಾಗಿ, ಒರಟಾಗಿ ಬಿಟ್ಟರೆ ಹತ್ತಿಹೋಗುತ್ತವೆ. ರಸ್ತೆಯ ಕೆಳಗಿನ ಮೋರಿಯಲ್ಲಿ ನೀರು ಹರಿಯುವ ಜಾಗದ ಪಕ್ಕಕ್ಕೆ ಒಂದು ಅಡಿಯಷ್ಟು ಒಣ ಕಟ್ಟೆ ಇಟ್ಟರೆ ಪುನುಗು ಬೆಕ್ಕು, ಮುಳ್ಳುಹಂದಿಗಳು ಅದರ ಮೇಲೆ ನಡೆದು ಆಚೆ ದಾಟುತ್ತವೆ. ಕಡಿದ ಮಣ್ಣನ್ನು ಕೆಳಗಿನ ಹಳ್ಳಕ್ಕೆ ತಳ್ಳಬಾರದು. ಇವೆಲ್ಲ ಅಂದಾಜುಪಟ್ಟಿ ತಯಾರಾಗುವ ಹೊತ್ತಿಗೇ ಸೇರಬೇಕು, ಕಟ್ಟಿದ ಮೇಲೆ ಯಾರೂ ಒಡೆದು ಸರಿಪಡಿಸುವುದಿಲ್ಲ.

ಪ್ರಶ್ನೆ: ರಸ್ತೆಗಿಂತ ರೈಲು ಕಾಡಿಗೆ ಉತ್ತಮವಲ್ಲವೇ?
– ಓದುಗರು, ಲೋಂಡಾ

ಉತ್ತರ: ಒಂದು ಗಾಡಿಯಲ್ಲಿ ಸಾವಿರಾರು ಜನರನ್ನು ಒಯ್ಯುವುದರಿಂದ, ನಡುವೆ ಎಲ್ಲೆಂದರಲ್ಲಿ ಇಳಿದು ಕಾಡಿಗೆ ನುಗ್ಗಲು ಅವಕಾಶವಿಲ್ಲದ್ದರಿಂದ, ಈಗಿರುವ ಹಳಿಯ ಮಟ್ಟಿಗೆ ತಮ್ಮ ಮಾತನ್ನು ಒಪ್ಪಬಹುದು. ಹೊಸ ಹಳಿಯೆಂದರೆ ಹೊಸ ಸೀಳು. ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಂವರೆಗೆ ಘಟ್ಟದ ಕಾಡಿನ ಮೂಲಕ ಹಾಕಲಿದ್ದ ಜೋಡಿಮಾರ್ಗಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸರ್ವೋಚ್ಚ ನ್ಯಾಯಾಲಯ 2022ರ ಮೇ ತಿಂಗಳಲ್ಲಿ ರದ್ದುಗೊಳಿಸಿತು.

ಪ್ರಶ್ನೆ: ನಮ್ಮದು ಬಯಲುಸೀಮೆ. ಮಕ್ಕಳಿಗೆ ಈ ಪಾಠ ಹೇಳುವಾಗ, ಆ ಕಾಡಿನಿಂದ ನಮಗೇನು ಎಂದು ಕೇಳುತ್ತಾರೆ.
– ಪ್ರಾಥಮಿಕ ಶಾಲಾ ಶಿಕ್ಷಕಿ, ಬಾದಾಮಿ ತಾಲ್ಲೂಕು

ಉತ್ತರ: ಮಕ್ಕಳನ್ನು ಪಟ್ಟದಕಲ್ಲಿನ ಹೊಳೆಯ ದಂಡೆಗೆ ಕರೆದೊಯ್ದು, ಈ ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ ಎಂದು ಹೇಳಿದರೆ ಸಾಕು. ಚೋರ್ಲಾ ರಸ್ತೆ ಹಾಯುವುದೂ ಅದೇ ಕಣಕುಂಬಿಯನ್ನು. ಘಟ್ಟದ ಮೇಲೆ ಬಿದ್ದ ಮಳೆಯನ್ನು ತರಗೆಲೆ ಮತ್ತು ಬೇರುಗಳು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಕಡಿದ ಗುಡ್ಡದಿಂದ ಬರುವ ನೀರು ಮಣ್ಣನ್ನು ಹೊತ್ತು ಒಮ್ಮೆಗೇ ಬರುತ್ತದೆ. ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯದಲ್ಲಿ ಕೂಡುವುದು ಆ ನೀರೇ, ಆ ಹೂಳೇ.

ಪ್ರಶ್ನೆ: ನಾವು ಪ್ರತಿ ಮಳೆಗಾಲ ಕುಟುಂಬದೊಡನೆ ಚೋರ್ಲಾ ಕಡೆ ಹೋಗುತ್ತೇವೆ. ಹೋಗುವುದೇ ತಪ್ಪೇ? ಹೋದರೆ ಹೇಗೆ ನಡೆದುಕೊಳ್ಳಬೇಕು?
– ಗೃಹಿಣಿ, ಗೋಕಾಕ

ಉತ್ತರ: ಹೋಗುವುದು ತಪ್ಪಲ್ಲ, ತಾಯಿ. ಕಾಡನ್ನು ನೋಡಿದ ಮಕ್ಕಳೇ ಮುಂದೆ ಅದರ ಪರವಾಗಿ ಮಾತಾಡುತ್ತಾರೆ. ಸಾಧ್ಯವಾದಷ್ಟು ಹಗಲಿನಲ್ಲೇ ಘಾಟ್ ದಾಟಿರಿ. ಸಂಜೆಯ ಮೇಲೆ ಮಳೆ ಸುರಿಯುವಾಗ ಕಪ್ಪೆಗಳು ರಸ್ತೆಗೆ ಬರುತ್ತವೆ. ರಾತ್ರಿ ಹೋಗಲೇಬೇಕಾದರೆ ವೇಗವನ್ನು ಗಂಟೆಗೆ 30 ಕಿಲೋಮೀಟರಿಗೆ ಇಳಿಸಿ, ಎದುರಿಗೆ ಪ್ರಾಣಿ ಕಂಡರೆ ದೀಪವನ್ನು ತಗ್ಗಿಸಿ, ಹಾರ್ನ್ ಹಾಕದೆ ಅದು ದಾಟುವವರೆಗೆ ನಿಲ್ಲಿರಿ. ಒಂದು ಕಡವೆ ದಾಟಿದರೆ ಹಿಂದೆ ಇನ್ನೊಂದು ಇರುವುದು ಸಾಮಾನ್ಯ, ಕೂಡಲೇ ಗಾಡಿ ಬಿಡಬೇಡಿರಿ.

ಮಂಗಗಳಿಗೆ ಚುರುಮುರಿ, ಬಾಳೆಹಣ್ಣು ಕೊಡುವುದನ್ನು ದಯವಿಟ್ಟು ಬಿಟ್ಟುಬಿಡಿ. ಪುಣ್ಯವೆಂದು ಕೊಡುತ್ತೇವೆ, ಆದರೆ ತಿನಿಸಿನ ಆಸೆಗೆ ಅವು ರಸ್ತೆಯಲ್ಲೇ ಕುಳಿತು ಮರಿಗಳೊಡನೆ ಗಾಲಿಗೆ ಸಿಗುತ್ತವೆ. ಊಟದ ಬುತ್ತಿ ಬಿಚ್ಚಿದಲ್ಲಿ ಉಳಿದ ಅನ್ನ, ಪತ್ರಾವಳಿ, ಪ್ಲಾಸ್ಟಿಕ್ ಚೀಲಗಳನ್ನು ಗಾಡಿಯಲ್ಲೇ ಮರಳಿ ತನ್ನಿರಿ. ಅನ್ನ ಚೆಲ್ಲಿದಲ್ಲಿ ಊರನಾಯಿಗಳು ಬಂದು ಸೇರುತ್ತವೆ, ಅವು ಕಾಡಿನ ಮರಿಗಳನ್ನು ಹಿಡಿಯುವುದೂ ಉಂಟು, ಕಾಡುಪ್ರಾಣಿಗಳಿಗೆ ರೋಗ ಅಂಟಿಸುವುದೂ ಉಂಟು. ಗಾಯಗೊಂಡ ಪ್ರಾಣಿ ಕಂಡರೆ ಮುಟ್ಟದೆ, ಸುತ್ತ ಜನ ಸೇರಲು ಬಿಡದೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ತಿಳಿಸಿರಿ. ಘಾಟ್‌ನಲ್ಲಿ ಎಲ್ಲ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಆಗ ಮುಂದೆ ಸಿಗುವ ಅರಣ್ಯ ತಪಾಸಣಾ ನಾಕಾದಲ್ಲಿ ಇಳಿದು ಹೇಳಿರಿ.